ಸಮವಸ್ತ್ರ: ಅಂಗವೋ ಪ್ರಧಾನವೋ

ಪಾಠಶಾಲೆಯ ಮಕ್ಕಳೆಲ್ಲರೂ ಒಂದೇ ಬಗೆಯ ಉಡುಪನ್ನು ಧರಿಸಬೇಕೆಂಬ ನಿಯಮವು ನಮ್ಮ ದೇಶದಲ್ಲಿ ಈಗ ರೂಢಮೂಲವಾಗಿದೆ. ಅದರ ಗುಣದೋಷಗಳನ್ನು ಕುರಿತು ವಾದಿಸುವವರು ಬಹುಮಂದಿ. ನಿಯಮಕ್ಕೆ ಭಂಗ ಬಂದಾಗ ಮಗುವಿನ ಪಾಠದ ಗತಿಯೇನೆಂದು ವಿಚಾರಿಸುವವರು ವಿರಳ. ಧರ್ಮಸೂಕ್ಷ್ಮವಿರುವುದಾದರೋ ಅಲ್ಲಿಯೇ.

ಸಮವಸ್ತ್ರದ ಪಕ್ಷದವರು ಹೇಳುವುದೇನೆಂದರೆ, ಧನಿಕನ ಮಗನು ಪೀತಾಂಬರವನ್ನೂ ದರಿದ್ರನ ಮಗನು ಹರಕನ್ನೂ ಉಟ್ಟು ಅಕ್ಕಪಕ್ಕದಲ್ಲಿ ಕುಳಿತರೆ ಒಬ್ಬನಿಗೆ ಗರ್ವವೂ ಮತ್ತೊಬ್ಬನಿಗೆ ಸಂಕೋಚವೂ ತಪ್ಪವು. ಮಾತು ಸುಳ್ಳಲ್ಲ. ಆದರೂ ಬಟ್ಟೆಯು ತಾನಾಗಿಯೇ ಸಮತ್ವವನ್ನು ಹುಟ್ಟಿಸಲಾರದು. ಲಂಡನ್ನಿನಲ್ಲಿ 1552ರಲ್ಲಿ ಸ್ಥಾಪಿತವಾದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯ ಮಕ್ಕಳಿಗೆ ನೀಲಿಯ ನಿಲುವಂಗಿಯೂ ಹಳದಿಯ ಕಾಲುಚೀಲವೂ ಉಡುಪು. ನಿರ್ಗತಿಕ ಮಕ್ಕಳಿಗೆ ಧರ್ಮಾರ್ಥವಾಗಿ ಕೊಟ್ಟ ಬಟ್ಟೆಯಾದ್ದರಿಂದ, ಅದು ಬಡತನದ ಗುರುತೇ ಆಗಿದ್ದಿತು. ಚಾರ್ಲ್ಸ್ ಲ್ಯಾಂಬನೂ ಕೋಲ್‌ರಿಜ್ ಕವಿಯೂ ಅಲ್ಲಿ ಓದಿದವರು. 1902ರಲ್ಲಿ ಶಾಲೆಯು ಹಾರ್ಷಮ್ ಪಟ್ಟಣದ ಬಳಿಗೆ ಹೋಯಿತು. ಉಡುಪು ಮಾತ್ರ ಇಂದಿಗೂ ಅದೇ. ಈಗ ಅದು ಕೀರ್ತಿಯ ಚಿಹ್ನೆ. ನೂಲು ಬದಲಾಗಲಿಲ್ಲ, ನೋಡುವವರ ಕಣ್ಣು ಬದಲಾಯಿತು.

ನಮ್ಮ ಪ್ರಾಚೀನರಲ್ಲಿಯೂ ವಿದ್ಯಾರ್ಥಿಗೆ ವೇಷನಿಯಮವಿದ್ದಿತು. ಆದರೆ ಅದನ್ನು ಇಂದಿನ ಸಮವಸ್ತ್ರದ ಪೂರ್ವಜನೆಂದು ಹೊಗಳುವುದು ಸಲ್ಲದು. ಮನುಸ್ಮೃತಿಯ ಎರಡನೆಯ ಅಧ್ಯಾಯವು ಬ್ರಾಹ್ಮಣವಟುವಿಗೆ ಕೃಷ್ಣಾಜಿನ, ಕ್ಷತ್ರಿಯವಟುವಿಗೆ ರುರುಮೃಗದ ಚರ್ಮ, ವೈಶ್ಯವಟುವಿಗೆ ಆಡಿನ ಚರ್ಮ ಎಂದು ಭೇದವನ್ನೇ ವಿಧಿಸುತ್ತದೆ; ದಂಡದ ಎತ್ತರದಲ್ಲಿಯೂ ತಾರತಮ್ಯ. ಉಳಿದವರಿಗಂತೂ ಆ ಬಾಗಿಲೇ ಇರಲಿಲ್ಲ. ಆದರೂ ಅದೇ ಪ್ರಕರಣದಲ್ಲಿ ಒಂದು ಮಾತು ಗಮನಾರ್ಹವಾಗಿದೆ. ಮೇಖಲೆಗೆ ಮುಂಜದ ಹುಲ್ಲು ದೊರೆಯದಿದ್ದರೆ ಕುಶ, ಅಶ್ಮಂತಕ, ಬಲ್ಬಜ ಮೊದಲಾದವುಗಳಿಂದ ಮಾಡಬಹುದು. ಹುಲ್ಲು ಸಿಕ್ಕಲಿಲ್ಲವೆಂದು ವಟುವನ್ನು ಹಿಂದಕ್ಕೆ ಕಳುಹಿಸೆಂದು ಅಷ್ಟು ಕಠಿಣವಾದ ಗ್ರಂಥವೂ ಹೇಳಲಿಲ್ಲ.

ಮೀಮಾಂಸಕರು ಈ ತತ್ತ್ವವನ್ನು ಇನ್ನೂ ಸ್ಪಷ್ಟಪಡಿಸಿದ್ದಾರೆ. ಜೈಮಿನಿಸೂತ್ರಗಳ ಆರನೆಯ ಅಧ್ಯಾಯದಲ್ಲಿ ಬರುವ ವಿಚಾರವಿದು: ಫಲವನ್ನು ಬಯಸಿ ಮಾಡುವ ಕಾಮ್ಯಕರ್ಮಕ್ಕೆ ಎಲ್ಲ ಅಂಗಗಳೂ ಬೇಕು; ಮಾಡಲೇಬೇಕಾದ ನಿತ್ಯಕರ್ಮವನ್ನಾದರೋ ಶಕ್ತಿಯಿದ್ದಷ್ಟು ಅಂಗಗಳಿಂದ ನಡೆಸತಕ್ಕದ್ದು. ಸೋಮಲತೆ ಸಿಕ್ಕದಿದ್ದರೆ ಪೂತೀಕ, ಬತ್ತವಿಲ್ಲದಿದ್ದರೆ ನೀವಾರ. ಅಂಗಲೋಪಕ್ಕಾಗಿ ಪ್ರಧಾನವನ್ನೇ ನಿಲ್ಲಿಸುವುದು ಅವರಿಗೆ ಸಮ್ಮತವಲ್ಲ. ಹಾಗಾದರೆ ಬಾಲಶಿಕ್ಷಣವು ನಿತ್ಯವೋ ಕಾಮ್ಯವೋ? 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ವಿದ್ಯೆಯನ್ನು ಹಕ್ಕಾಗಿಸಿ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ವಿದ್ಯೆಯು ರಾಜ್ಯಕ್ಕೆ ನಿತ್ಯಕರ್ಮ. ಉಡುಪು ಅದರ ಅಂಗ.

ಹದಿನಾಲ್ಕು ದಾಟಿದೊಡನೆ ಈ ನ್ಯಾಯವು ಬಿದ್ದುಹೋಗುವುದೆಂದು ಹೇಳಲಾಗದು. 2022ರಲ್ಲಿ ಉಡುಪಿಯಿಂದ ಹಬ್ಬಿದ ಹಿಜಾಬಿನ ವಿವಾದವು ಪದವಿಪೂರ್ವ ಕಾಲೇಜುಗಳದು. ಸರಕಾರದ ಫೆಬ್ರವರಿ 5ರ ಆಜ್ಞೆಯನ್ನು ರಾಜ್ಯದ ಉಚ್ಚ ನ್ಯಾಯಾಲಯವು ಮಾರ್ಚ್ 15ರಂದು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಇಬ್ಬರು ನ್ಯಾಯಮೂರ್ತಿಗಳಿಗೆ ಭಿನ್ನಾಭಿಪ್ರಾಯವಾಯಿತು: ಹೇಮಂತ್ ಗುಪ್ತಾ ಅವರು ಆಜ್ಞೆಯನ್ನು ಸಮರ್ಥಿಸಿದರು; ಸುಧಾಂಶು ಧೂಲಿಯಾ ಅವರು ಬಾಲಿಕೆಯರ ವಿದ್ಯೆಯ ಪ್ರಶ್ನೆಯನ್ನು ಮುಂದಿಟ್ಟು ಅದನ್ನು ತಳ್ಳಿಹಾಕಿದರು. ಶಿಸ್ತಿನ ವಾದಕ್ಕೆ ತೂಕವಿಲ್ಲವೆಂದಲ್ಲ. ಆದರೆ ಕೆಲವರು ಬಾಲಿಕೆಯರಿಗೆ ತರಗತಿಯೂ ಪರೀಕ್ಷೆಯೂ ತಪ್ಪಿದವು. ತಲೆಯ ಮೇಲಿನ ಒಂದು ತುಂಡು ಬಟ್ಟೆಗೂ ಆ ನಷ್ಟಕ್ಕೂ ಸಮತೂಕವಿದೆಯೆಂದು ಮೀಮಾಂಸೆಯನ್ನು ಓದಿದವನು ಒಪ್ಪುವುದು ಕಷ್ಟ.

ಅದು ಪತ್ರಿಕೆಗಳಲ್ಲಿ ಬಂದ ದೊಡ್ಡ ಪ್ರಸಂಗ. ಯಾವ ಪತ್ರಿಕೆಯಲ್ಲಿಯೂ ಬಾರದ ಚಿಕ್ಕ ಪ್ರಸಂಗವು ಮಳೆಗಾಲದ ಬೆಳಗಿನಲ್ಲಿ ನಡೆಯುತ್ತದೆ. ಇರುವ ಒಂದೇ ಜೊತೆ ಬಟ್ಟೆಯನ್ನು ತಾಯಿ ರಾತ್ರಿ ಒಗೆದು ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಾಳೆ. ಬೆಳಗಿಗೆ ಅದು ಆರಿರುವುದಿಲ್ಲ. ಮಗು ಮನೆಯ ಅಂಗಿಯನ್ನೇ ತೊಟ್ಟು ಬಂದರೆ ಹೊರಗೆ ನಿಲ್ಲಿಸುವ ಶಾಲೆಗಳುಂಟು. ಯಾರ ಸಂಕೋಚವನ್ನು ನೀಗಲೆಂದು ನಿಯಮವು ಹುಟ್ಟಿತೋ ಅವನನ್ನೇ ಎಲ್ಲರ ಕಣ್ಣೆದುರಿಗೆ ನಿಲ್ಲಿಸಿದಂತಾಯಿತು! ಮೇಲಿನ ತರಗತಿಗೆ ಹೋದ ಹುಡುಗರ ಹಳೆಯ ಬಟ್ಟೆಗಳನ್ನು ಒಗೆಯಿಸಿ ಶಾಲೆಯ ಕಪಾಟಿನಲ್ಲಿ ಮಡಿಸಿಡುವ ಉಪಾಧ್ಯಾಯರೂ ಉಂಟು. ಅಂಥವರಲ್ಲಿ ಮಗು ಗಂಟೆ ಬಾರಿಸುವ ಮೊದಲೇ ಒಂದು ಜೊತೆಯನ್ನು ಹಾಕಿಕೊಂಡು ತನ್ನ ಸ್ಥಳದಲ್ಲಿ ಕುಳಿತಿರುತ್ತದೆ. ತೋಳು ಸ್ವಲ್ಪ ಉದ್ದವಾಗಿರುತ್ತದೆ, ಅಷ್ಟೇ.