ತುಣುಕಿನಲ್ಲೂ ಪೂರ್ಣ

(ಹಳ್ಳಿಯೊಂದರ ಧರ್ಮಕೇಂದ್ರ. ಪರಮಪ್ರಸಾದದ ಹಬ್ಬದ ಬಲಿಪೂಜೆ ಮುಗಿದಿದೆ. ಬಹುಕಾಲ ಉಪದೇಶಿಯಾಗಿದ್ದ ದೊಡ್ಡಪ್ಪ ಮತ್ತು ಬೆಂಗಳೂರಿನಲ್ಲಿ ಓದುತ್ತಿರುವ ತಮ್ಮನ ಮಗಳು ರೀಟಾ ಚರ್ಚಿನ ಜಗಲಿಯಲ್ಲಿ ಕೂತಿದ್ದಾರೆ.)

ರೀಟಾ: ದೊಡ್ಡಪ್ಪಾ, ನೀವು ಮಂಡಿಯೂರಿ ನಾಲಿಗೆಯ ಮೇಲೆ ಪ್ರಸಾದ ತಗೊಂಡ್ರಿ. ನಾನು ನಿಂತು ಕೈಯಲ್ಲಿ ತಗೊಂಡೆ. ಹಿಂದೆ ಇದ್ದ ಒಬ್ಬರು, ಈಗಿನವರಿಗೆ ಭಯಭಕ್ತಿಯೇ ಇಲ್ಲ ಅಂದ್ರು. ನಿಮಗೂ ಹಾಗೇ ಅನ್ನಿಸುತ್ತಾ?

ದೊಡ್ಡಪ್ಪ: ಇಲ್ಲಮ್ಮ. ನಾನು ಕಲಿತದ್ದು ಹಾಗೆ, ಮಂಡಿ ಬಾಗುವಷ್ಟು ದಿನ ಹಾಗೇ ತಗೋತೀನಿ. ಆದರೆ ಕೈಯಲ್ಲಿ ತಗೊಳ್ಳೋದು ಇವತ್ತು ನಿನ್ನೆಯದಲ್ಲ. 4ನೇ ಶತಮಾನದಲ್ಲಿ ಜೆರುಸಲೇಮಿನ ಧರ್ಮಾಧ್ಯಕ್ಷರಾಗಿದ್ದ ಸಂತ ಸಿರಿಲರ ಹೆಸರಿನಲ್ಲಿ, ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಮಾಡಿದ ಬೋಧನೆಗಳು ಉಳಿದಿವೆ. ಎಡಗೈ ಬಲಗೈಗೆ ಸಿಂಹಾಸನವಾಗಲಿ, ಅರಸನನ್ನು ಬರಮಾಡಿಕೊಳ್ಳುವ ಹಾಗೆ ಅಂಗೈ ಒಡ್ಡಿ ಆಮೆನ್ ಹೇಳಿ ಅನ್ನೋದು ಅಲ್ಲಿಯ ಮಾತು.

ರೀಟಾ: ಹಾಗಾದರೆ ಹೇಗೆ ತಗೊಂಡರೂ ನಡೆಯುತ್ತೆ ಅಂತಾಯ್ತು.

ದೊಡ್ಡಪ್ಪ: ಹಾಗಂದೆನಾ? ದೇಹ ಕಲಿಯದೆ ಮನಸ್ಸು ಕಲಿಯೋದಿಲ್ಲ. ಆದರೆ ದೇಹ ಕಲಿಯುವ ರೀತಿ ಕಾಲದಿಂದ ಕಾಲಕ್ಕೆ, ನಾಡಿನಿಂದ ನಾಡಿಗೆ ಬೇರೆ. ಮೊದಲು ಪ್ರಸಾದ ತಗೊಳ್ಳುವವರು ನಡುರಾತ್ರಿ ದಾಟಿದರೆ ಒಂದು ಗುಟುಕು ನೀರನ್ನೂ ಕುಡಿಯುವಂತಿರಲಿಲ್ಲ. 12ನೇ ಪಯಸ್ ಪೋಪರು 1953ರಲ್ಲಿ ನೀರಿಗೆ ಅಪ್ಪಣೆ ಕೊಟ್ಟರು, 1957ರಲ್ಲಿ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ 6ನೇ ಪೌಲರು ಅದನ್ನು ಒಂದು ಗಂಟೆ ಮಾಡಿದರು. ಪೂಜೆಯನ್ನು ನಮ್ಮ ನಾಡಿನ ರೀತಿಗೆ ಹೊಂದಿಸಲು ನಮ್ಮ ದೇಶದ ಧರ್ಮಾಧ್ಯಕ್ಷರು ಕೇಳಿಕೊಂಡ ಹನ್ನೆರಡು ಅಂಶಗಳಿಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು. ಚಪ್ಪಲಿ ಬಿಟ್ಟು ಒಳಗೆ ಬರೋದು, ನೆಲದ ಮೇಲೆ ಕೂರೋದು, ಪಂಚಾಂಗ ಪ್ರಣಾಮ, ಅಂಜಲಿಹಸ್ತ, ಎಣ್ಣೆದೀಪ, ಆರತಿ ಎಲ್ಲ ಅದರಲ್ಲಿವೆ. ನಿನ್ನ ಬೆಂಗಳೂರಿನಲ್ಲೇ ಫಾದರ್ ಅಮಲೋರ್‌ಪವದಾಸ್ ಕಟ್ಟಿದ ರಾಷ್ಟ್ರೀಯ ಕೇಂದ್ರ ಈ ಕೆಲಸದಲ್ಲಿ ಮುಂದಿತ್ತು.

ರೀಟಾ: ಅಷ್ಟೆಲ್ಲ ನಮ್ಮದಾದ ಮೇಲೆ ರೊಟ್ಟಿ ಯಾಕೆ ನಮ್ಮದಾಗಲಿಲ್ಲ? ರಾಗಿ ಬೆಳೆಯುವ ಊರಲ್ಲಿ ಗೋಧಿ ಅಪ್ಪವೇ ಯಾಕೆ?

ದೊಡ್ಡಪ್ಪ: ಒಳ್ಳೆಯ ಪ್ರಶ್ನೆ. ತುಂಬಾ ಜನ ಕೇಳಿದ್ದಾರೆ. ಧರ್ಮಸಭೆಯ ಕಾನೂನಿನಲ್ಲಿ ಗೋಧಿ ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ ಮಾತ್ರ ಜಾಗ. ಗೋಧಿ ಒಗ್ಗದವರಿಗೂ ಗ್ಲೂಟೆನ್ ತೀರಾ ಕಡಿಮೆಯಿರುವ ಅಪ್ಪ ಕೊಡಬಹುದೇ ಹೊರತು ಬೇರೆ ಧಾನ್ಯದ್ದಲ್ಲ. ಪ್ರಭು ಕೊನೆಯ ಭೋಜನದಲ್ಲಿ ಕೊಟ್ಟದ್ದನ್ನು ಬದಲಿಸುವ ಅಧಿಕಾರ ನಮಗಿಲ್ಲ ಅನ್ನೋದು ಸಭೆಯ ನಿಲುವು. ಆದರೆ ಈ ಜಾಡು ಹಿಡಿದರೆ ಸಂಜೆಯಾಗುತ್ತೆ. ನೀನು ಮೊದಲು ಕೇಳಿದ್ದು ಗೌರವದ ಮಾತು.

ರೀಟಾ: ಸರಿ. ಭಂಗಿ ಬದಲಾಗುತ್ತೆ, ಉಪವಾಸ ಬದಲಾಗುತ್ತೆ. ಬದಲಾಗದೇ ಇರೋದು ಯಾವುದು?

ದೊಡ್ಡಪ್ಪ: ಚೂರು. ಪ್ರಸಾದ ಹಂಚಿ ಮುಗಿದ ಮೇಲೆ ಸ್ವಾಮಿಗಳು ಏನು ಮಾಡಿದರು ನೋಡಿದೆಯಾ? ತಟ್ಟೆಯನ್ನು ಪಾನಪಾತ್ರೆಯ ಮೇಲೆ ಓರೆಯಾಗಿ ಹಿಡಿದು ಅಂಚನ್ನೆಲ್ಲ ಸವರಿದರು. ಹೆಬ್ಬೆರಳನ್ನೂ ತೋರುಬೆರಳನ್ನೂ ಪಾತ್ರೆಯ ಮೇಲೆ ಉಜ್ಜಿ, ನೀರು ಹಾಕಿಸಿಕೊಂಡು ಆ ನೀರನ್ನು ಕುಡಿದರು. ಬಲಿಪೀಠದ ಮೇಲೆ ಹಾಸಿದ್ದ ಚೌಕದ ಬಿಳಿ ಬಟ್ಟೆಯನ್ನು ಜಾಡಿಸಲಿಲ್ಲ. ಅದರಲ್ಲೇನಾದರೂ ಉಳಿದಿದ್ದರೆ ಒಳಗೇ ಇರಲಿ ಅಂತ ಒಳಮುಖವಾಗಿ ಮಡಚಿದರು. ಬಿಚ್ಚಿದರೆ ಒಂಬತ್ತು ಮನೆ ಕಾಣುತ್ತೆ. ಅದನ್ನು ಒಗೆಯುವ ಮೊದಲು ನೆನೆಸಿದ ನೀರು ಚರಂಡಿಗೆ ಹೋಗಬಾರದು, ಮಣ್ಣಿಗೇ ಸೇರಬೇಕು. ಹಳೆಯ ಲ್ಯಾಟಿನ್ ಪೂಜೆಯಲ್ಲಂತೂ ಅಪ್ಪವನ್ನು ಪವಿತ್ರೀಕರಿಸಿದ ಕ್ಷಣದಿಂದ ಬೆರಳು ತೊಳೆಯುವವರೆಗೆ, ಪ್ರಸಾದ ಮುಟ್ಟುವಾಗ ಬಿಟ್ಟರೆ, ಗುರುಗಳು ಆ ಎರಡು ಬೆರಳನ್ನು ಬಿಡಿಸುತ್ತಲೇ ಇರಲಿಲ್ಲ. ಪುಟ ತಿರುವೋದೂ ಉಳಿದ ಬೆರಳಲ್ಲೇ. ಕೈಯಲ್ಲಿ ತಗೊಳ್ಳಿ ಅಂದ ಆ ಜೆರುಸಲೇಮಿನ ಬೋಧನೆಯೂ, ಒಂದು ಚೂರು ಬಿದ್ದರೆ ನಿಮ್ಮ ಅಂಗವೇ ಹೋದಂತೆ ಅಂತ ಎಚ್ಚರಿಸುತ್ತೆ. ಅದಕ್ಕೇ ಹೇಳ್ತೀನಿ, ಒಬ್ಬನ ಭಕ್ತಿಯನ್ನು ಅವನ ಮಂಡಿಯಲ್ಲಿ ನೋಡಬೇಡ. ತಗೊಂಡ ಮೇಲೆ ಅಂಗೈಯನ್ನು ಒಮ್ಮೆ ನೋಡಿಕೊಳ್ಳುತ್ತಾನಾ, ಅದನ್ನು ನೋಡು.

ರೀಟಾ: ಆಕಾಶ ಭೂಮಿ ಮಾಡಿದ ದೇವರಿಗೆ ಒಂದು ಚೂರಿನ ಲೆಕ್ಕವಾ? ಇದು ಭಕ್ತಿಗಿಂತ ಹೆಚ್ಚಾಗಿ ಭಯ ಅನ್ನಿಸುತ್ತೆ.

ದೊಡ್ಡಪ್ಪ: ನಿಮ್ಮಜ್ಜಿ ನೆಲಕ್ಕೆ ಬಿದ್ದ ಅನ್ನದ ಅಗುಳನ್ನು ಕಣ್ಣಿಗೊತ್ತಿಕೊಂಡು ಎತ್ತಿಡುತ್ತಿದ್ದರು. ಭಯದಿಂದಲಾ? ಅದು ಬರೀ ಅನ್ನ, ದುಡಿಮೆಯ ಫಲ. ಇಲ್ಲಿ ನಾವು ನಂಬೋದು ಸಾಕ್ಷಾತ್ ಪ್ರಭುವನ್ನು. 1551ರಲ್ಲಿ ಟ್ರೆಂಟ್ ಮಹಾಸಭೆ ಸ್ಪಷ್ಟವಾಗಿ ಸಾರಿತು: ಮುರಿದ ಒಂದೊಂದು ತುಣುಕಿನಲ್ಲೂ ಕ್ರಿಸ್ತರು ಪೂರ್ಣವಾಗಿ ಇದ್ದಾರೆ. ಅರ್ಧ ಅಪ್ಪದಲ್ಲಿ ಅರ್ಧ ಕ್ರಿಸ್ತ ಅಂತಿಲ್ಲ. ಇದನ್ನು ನಂಬಿದವನಿಗೆ ಚಿಕ್ಕದು ಅನ್ನೋದು ಯಾವುದಿದೆ? ದೇವರೇ ಅಷ್ಟು ಚಿಕ್ಕವನಾಗಲು ಒಪ್ಪಿರುವಾಗ, ಇದು ದೊಡ್ಡದು ಇದು ಸಣ್ಣದು ಅಂತ ಅಳೆಯೋಕೆ ನಾವು ಯಾರು?

ರೀಟಾ: ಒಪ್ಪಿದೆ. ಆದರೆ ಒಂದು ಮಾತು. ಚೂರು ಬೀಳದ ಹಾಗೆ ನೋಡಿಕೊಂಡು, ಪಕ್ಕದಲ್ಲಿ ನಿಂತವನ ಮುಖ ನೋಡದೇ ಇದ್ದರೆ?

ದೊಡ್ಡಪ್ಪ: ಸಂತ ಪೌಲ ಕೊರಿಂಥದವರನ್ನು ಬೈದದ್ದು ಅದಕ್ಕೇ. ಪ್ರಭುವಿನ ಭೋಜನಕ್ಕೆ ಅಂತ ಸೇರಿ, ಉಳ್ಳವರು ಹೊಟ್ಟೆ ತುಂಬಾ ತಿಂದು ಕುಡಿದು ಅಮಲೇರಿಸಿಕೊಂಡರು, ಇಲ್ಲದವರು ಹಸಿದುಕೊಂಡೇ ಕೂತಿದ್ದರು. ಪ್ರಭುವಿನ ಶರೀರವನ್ನು ಅರಿಯದೆ ತಿನ್ನುವವನು ತನಗೇ ದಂಡನೆ ತಂದುಕೊಳ್ಳುತ್ತಾನೆ ಅನ್ನೋ ಮಾತು ಬರೋದು ಅದೇ ಜಗಳದ ನಡುವೆ. ಚೂರನ್ನು ಜೋಪಾನ ಮಾಡುವ ಕೈ ಮನುಷ್ಯನನ್ನೂ ಜೋಪಾನ ಮಾಡಬೇಕು. ಎರಡೂ ಒಂದೇ ಗೌರವ.

ರೀಟಾ: ಹೊಲದ ಬದುವಿಗೆ ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರು ಇವತ್ತು ಒಂದೇ ಸಾಲಿನಲ್ಲಿದ್ದರು.

ದೊಡ್ಡಪ್ಪ: ನೋಡಿದೆ.

ರೀಟಾ: ಅವರು ತಗೊಳ್ಳಬಾರದಿತ್ತಾ?

ದೊಡ್ಡಪ್ಪ: ಅದನ್ನು ತೀರ್ಮಾನ ಮಾಡೋದು ನೀನೂ ಅಲ್ಲ, ನಾನೂ ಅಲ್ಲ. ಅವರವರ ಅಂತಃಸಾಕ್ಷಿ, ಪಾಪನಿವೇದನೆ ಕೇಳುವ ಗುರು. ಆದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸೋದರನೊಂದಿಗೆ ರಾಜಿಯಾಗು ಅಂತ ಪ್ರಭುವೇ ಹೇಳಿದ್ದಾರೆ.

ರೀಟಾ: ಹಾಗಾದರೆ ಮೊದಲು ಹೋಗಬೇಕಾದವರು ಯಾರು? ತಪ್ಪು ಮಾಡಿದವನಾ?

ದೊಡ್ಡಪ್ಪ: ಪ್ರಸಾದ ತಗೊಂಡವನು.

ರೀಟಾ: ಇಬ್ಬರೂ ತಗೊಂಡಿದ್ದಾರೆ.

ದೊಡ್ಡಪ್ಪ: ಹಾಗಾದರೆ ಇಬ್ಬರೂ ಹೊರಡಬೇಕು.