ಗೆರೆ ಕಾಯುವವನು

ವೋಟು ಹಾಕಿ ಬಂದ ದಿನ ಮನುಷ್ಯನಿಗೆ ತಾನೇನೋ ದೊಡ್ಡ ಕೆಲಸ ಮಾಡಿ ಮುಗಿಸಿದೆನೆಂಬ ಸಮಾಧಾನ ಬರುತ್ತದೆ. 2023ರ ಮೇ 10ರ ಸಂಜೆ ಅಂಥ ಸಮಾಧಾನದಿಂದಲೇ ನಾನು ದೇವನೂರಿನ ಲಕ್ಷ್ಮೀಕಾಂತನ ಗುಡಿಯ ಕಡೆ ಹೊರಟಿದ್ದೆ. ದಾರಿಯ ಬಯಲಿನಲ್ಲಿ ಹುಡುಗರು ಕಬಡ್ಡಿ ಆಡುತ್ತಿದ್ದರು; ಆಡುತ್ತಿದ್ದರು ಎನ್ನುವುದಕ್ಕಿಂತ ಜಗಳವಾಡುತ್ತಿದ್ದರು ಎನ್ನಬೇಕು. ಕಡ್ಡಿಯಿಂದ ಕೆರೆದ ಗೆರೆ ಕಾಲ್ತುಳಿತಕ್ಕೆ ಅರ್ಧ ಅಳಿಸಿಹೋಗಿತ್ತು. ಕಾಲು ಹೊರಗಿತ್ತೆಂದು ಒಂದು ಗುಂಪು, ಒಳಗಿತ್ತೆಂದು ಇನ್ನೊಂದು ಗುಂಪು. ತಮಾಷೆಯೆಂದರೆ, ಏಳೇಳು ಜನರ ಎರಡು ತಂಡಗಳಲ್ಲಿ ಒಬ್ಬನ ಕಣ್ಣಾದರೂ ತನ್ನ ತಂಡಕ್ಕೆ ವಿರುದ್ಧವಾದದ್ದನ್ನು ಕಂಡಿರಲಿಲ್ಲ.

ನಾನು ಹುಡುಗರನ್ನು ಕಂಡು ನಗಬಾರದು. 1978ರಲ್ಲಿ ನಾನು ಚಿಕ್ಕಮಗಳೂರಿನಲ್ಲಿ ಕಾಲೇಜು ಓದುತ್ತಿದ್ದೆ. ಡಿ. ಬಿ. ಚಂದ್ರೇಗೌಡರು ತಮ್ಮ ಲೋಕಸಭಾ ಸ್ಥಾನವನ್ನು ತೆರವು ಮಾಡಿಕೊಟ್ಟು, ಇಂದಿರಾ ಗಾಂಧಿ ಅಲ್ಲಿಂದ ಉಪಚುನಾವಣೆಗೆ ನಿಂತಿದ್ದರು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು. ದೇಶವೆಲ್ಲ ನಮ್ಮ ಜಿಲ್ಲೆಯ ಹೆಸರನ್ನು ಉಚ್ಚರಿಸಲು ಕಲಿತ ಕಾಲ ಅದು. ಹಾಸ್ಟೆಲಿನಲ್ಲಿ ಊಟದ ಪಂಕ್ತಿ ಕೂಡ ಎರಡಾಗಿತ್ತು. ಆಗ ಮತದಾನದ ವಯಸ್ಸು 21. ಅದು 18ಕ್ಕೆ ಇಳಿದದ್ದು 1989ರಲ್ಲಿ. ಹತ್ತೊಂಬತ್ತರ ನಮಗೆ ಗಂಟಲಿತ್ತು, ವೋಟಿರಲಿಲ್ಲ.

ಅದೇ ದಿನಗಳಲ್ಲಿ ನಮ್ಮ ಕಾಲೇಜಿಗೂ ನೆರೆಯ ಊರಿನ ಕಾಲೇಜಿಗೂ ಕಬಡ್ಡಿ ಪಂದ್ಯ ನಡೆಯಿತು. ಗೆರೆ ಕಾಯಲು ಎರಡು ಕಡೆಯಿಂದಲೂ ಒಬ್ಬೊಬ್ಬರನ್ನು ನಿಲ್ಲಿಸಿದರು. ನಮ್ಮ ಕಡೆಯಿಂದ ನಿಂತವನು ನಾನು. ಕೊನೆಯ ನಿಮಿಷ, ಅಂಕಗಳು ಸಮ. ಎದುರು ಅಂಕಣಕ್ಕೆ ನುಗ್ಗಿ ಒಬ್ಬನನ್ನು ಮುಟ್ಟಿದ ನಮ್ಮ ಹುಡುಗ ಹಿಡಿತ ಬಿಡಿಸಿಕೊಂಡು ಹೊರಳುವಾಗ ಅವನ ಹಿಮ್ಮಡಿ ಗೆರೆಯಾಚೆಯ ಮಣ್ಣಿನಲ್ಲಿ ಊರಿತು. ನನ್ನಿಂದ ಎರಡು ಮೊಳ ದೂರದಲ್ಲಿ. ಅಂಪೈರು ನನ್ನ ಮುಖ ನೋಡಿದರು. "ಒಳಗೇ ಇತ್ತು ಸಾರ್" ಎಂದೆ. ಗೆದ್ದೆವು. ನನ್ನನ್ನೂ ಹೆಗಲ ಮೇಲೆ ಹೊತ್ತು ಕುಣಿದರು.

ರಾತ್ರಿ ನನ್ನ ಕೊಠಡಿಯ ಗೆಳೆಯ, ಬೀರೂರಿನವನು, ದೀಪ ಆರಿಸಿದ ಮೇಲೆ ಕೇಳಿದ: "ಕಾಲು ಹೊರಗಿತ್ತು, ಅಲ್ಲವೇನೋ?"

"ನಮ್ಮ ಕಾಲೇಜು ಕಣೋ" ಎಂದೆ.

"ಕಾಲೇಜು ನಮ್ಮದು ಸರಿ. ಗೆರೆ ಯಾರದು?"

ನಾನು ನಿದ್ದೆ ಬಂದವನಂತೆ ಮಗ್ಗುಲಾದೆ.

ಅಭಿಮಾನ ಎಂಬುದು ಕೆಟ್ಟದ್ದೆಂದು ನಾನು ಹೇಳಲಾರೆ. ತನ್ನ ಊರಿನ ತಂಡ ಸೋಲುತ್ತಿದ್ದರೂ ಎದ್ದು ಹೋಗದೆ ಬಿಸಿಲಲ್ಲಿ ಕೂತಿರುವವನಿಗೆ ಯಾರೂ ಕಾರಣ ಕೇಳುವುದಿಲ್ಲ. ತಾಯಿಯ ಅಡುಗೆಯೇ ರುಚಿ ಎನ್ನುವವನಿಗೆ ಕಾರಣ ಕೇಳುತ್ತೇವೆಯೆ? ಆದರೆ ಅವನ ಪಕ್ಷಪಾತ ನಿರಪಾಯವಾಗಿರುವುದು ಗೆರೆಯ ಬಳಿ ಬೇರೊಬ್ಬನು ನಿಂತಿರುವುದರಿಂದ. ಇವನು ಎಷ್ಟು ಕೂಗಿದರೂ ಹೊರಗಿನ ಕಾಲು ಒಳಗಾಗುವುದಿಲ್ಲ. ಚುನಾವಣೆಯಲ್ಲಿ ಹಾಗಲ್ಲ. ವೋಟನ್ನು ಎಣಿಸುವುದಕ್ಕೆ ಆಯೋಗವಿದೆ, ನಿಜ. ಆದರೆ ಐದು ವರ್ಷಗಳಲ್ಲಿ ಯಾರ ಕಾಲು ಎಲ್ಲೆಲ್ಲಿ ಊರಿತೆಂದು ನೋಡಿ ಹೇಳಬೇಕಾದವನು ವೋಟು ಹಾಕುವವನು. ಅಲ್ಲಿ ಗೆರೆ ಕಾಯಲು ನಮ್ಮನ್ನು ನಿಲ್ಲಿಸಿದ್ದಾರೆ; ನಾವು ಕೂಗುವುದಕ್ಕೆ ಬಂದೆವೆಂದು ತಿಳಿದಿದ್ದೇವೆ.

ಆ ಉಪಚುನಾವಣೆಯಲ್ಲಿ ನಾನು ಯಾರ ಕಡೆ, ನನ್ನ ಗೆಳೆಯ ಯಾರ ಕಡೆ ಎಂಬುದನ್ನು ಬರೆಯುವುದಿಲ್ಲ. ಬರೆದರೆ ಓದುಗರು ಕೂಡಲೇ ಒಂದು ಕಡೆ ಹೋಗಿ ನಿಂತುಬಿಡುತ್ತಾರೆ. ಎದುರು ಕಡೆ ಇದ್ದೆವು, ಅಷ್ಟೆ. ಒಂದು ದಿನ ವಾದ ಬೆಳೆದು, ಹೇಳಲು ಬೇರೇನೂ ತೋಚದೆ, ನಾಲ್ಕು ಜನರ ಎದುರಿಗೆ "ನಿನಗೆ ಎಷ್ಟು ಕೊಟ್ಟರೋ?" ಎಂದುಬಿಟ್ಟೆ. ಅವನು ಉತ್ತರ ಕೊಡಲಿಲ್ಲ. ಮಾರನೆಯ ದಿನ ಟ್ರಂಕು ಎತ್ತಿಕೊಂಡು ಬೇರೆ ಕೊಠಡಿಗೆ ಹೋದ.

ನವೆಂಬರಿನಲ್ಲಿ ಇಂದಿರಾ ಗಾಂಧಿ 70 ಸಾವಿರಕ್ಕೂ ಮಿಕ್ಕ ಅಂತರದಿಂದ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹೊರಹಾಕಿತು. ಮುಂದೆ ಅದೇ ವೀರೇಂದ್ರ ಪಾಟೀಲರು ಕಾಂಗ್ರೆಸ್ಸು ಸೇರಿ, 1989ರಲ್ಲಿ ಆ ಪಕ್ಷದ ಮುಖ್ಯಮಂತ್ರಿಯೇ ಆದರು. ಸ್ಥಾನ ಬಿಟ್ಟುಕೊಟ್ಟಿದ್ದ ಚಂದ್ರೇಗೌಡರು 2009ರಲ್ಲಿ ಲೋಕಸಭೆಗೆ ಹೋದದ್ದು ಭಾರತೀಯ ಜನತಾ ಪಕ್ಷದಿಂದ. ಅವರನ್ನು ಹಳಿಯುವುದಕ್ಕೆ ಇದನ್ನು ಹೇಳುತ್ತಿಲ್ಲ; ರಾಜಕಾರಣದಲ್ಲಿ ಮನಸ್ಸು ಬದಲಾಯಿಸಲು ಒಳ್ಳೆಯ ಕಾರಣಗಳೂ ಇರಬಹುದು. (2014ರಲ್ಲಿ ಶುರುವಾದ ಪ್ರೊ ಕಬಡ್ಡಿಯಲ್ಲಿ ಆಟಗಾರರು ತಂಡ ಬದಲಾಯಿಸುವುದು ಹರಾಜಿನಲ್ಲಿ, ಅಲ್ಲಿ ಬೆಲೆಯನ್ನಾದರೂ ಎಲ್ಲರ ಎದುರಿಗೆ ಕೂಗುತ್ತಾರೆ.) ನಾಯಕರು ಗೆರೆ ದಾಟಿ ಒಂದಾದರು. ನಾವಿಬ್ಬರು ದಾಟಲಿಲ್ಲ. ಬೀರೂರು ದೇವನೂರಿಗೆ ದೂರವೇನೂ ಅಲ್ಲ. ಬ್ಯಾಂಕಿನ ಕೆಲಸ ಮುಗಿಸಿ ಊರು ಸೇರಿದ ಮೇಲೆ ಒಂದು ದಿನ ಆ ದಾರಿ ಹಿಡಿದೆ. ಅಷ್ಟು ಹೊತ್ತಿಗೆ ಅವನಿರಲಿಲ್ಲ.

ನಮ್ಮೂರಿನವನೆಂದು ನಾವು ಹೆಮ್ಮೆಪಡುವ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಸುಧನ್ವನ ಕಥೆ ಬರುತ್ತದೆ. ಅವನು ಕೃಷ್ಣನ ಭಕ್ತ. ಕಾದಬೇಕಾದದ್ದು ಕೃಷ್ಣನೇ ಸಾರಥಿಯಾಗಿ ಕುಳಿತ ಅರ್ಜುನನ ರಥದ ಎದುರಿಗೆ. ಭಕ್ತಿಗಾಗಿ ಬಾಣವನ್ನು ಸಡಿಲ ಬಿಡಲಿಲ್ಲ, ಯುದ್ಧಕ್ಕಾಗಿ ಭಕ್ತಿಯನ್ನೂ ಬಿಡಲಿಲ್ಲ. ಚಿಕ್ಕಂದಿನಿಂದ ಈ ಕಥೆ ಕೇಳಿ ಕಣ್ಣೊರೆಸಿಕೊಂಡವನೇ ನಾನು. ಎದುರು ಕಡೆ ನಿಂತ ಗೆಳೆಯ ದುಡ್ಡಿಗಾಗಿ ನಿಂತಿದ್ದಾನೆ ಎಂದು ಹೇಳಲು ನನಗೆ ಅರೆಗಳಿಗೆ ಬೇಕಾಗಲಿಲ್ಲ.

ಗೆಳೆಯ ಬದುಕಿದ್ದರೆ ನನ್ನ ಈ ವಿಚಾರಕ್ಕೂ ತಕರಾರು ತೆಗೆಯುತ್ತಿದ್ದ. ಎಲ್ಲರೂ ಅಂಪೈರುಗಳಾದರೆ ಆಡುವವರು ಯಾರು, ಬಿಸಿಲಲ್ಲಿ ಮನೆ ಮನೆ ತಿರುಗುವ ಕಾರ್ಯಕರ್ತನಿಗೆ ಅಭಿಮಾನವಿಲ್ಲದಿದ್ದರೆ ಚುನಾವಣೆಗೆ ಜೀವವೆಲ್ಲಿ ಎನ್ನುತ್ತಿದ್ದ. ಒಪ್ಪುತ್ತೇನೆ. ತಿಂಗಳೆಲ್ಲ ಕೂಗಲಿ. ನನ್ನ ಸಂದೇಹ ಆ ರಟ್ಟಿನ ಮರೆಯ ಹಿಂದೆ ನಿಂತ ಅರ್ಧ ನಿಮಿಷದ್ದು. ಅವತ್ತು ಬೆಳಗ್ಗೆ ನಾನು ಗುಂಡಿ ಒತ್ತಿದ್ದು ನೋಡಿಯೋ, ರೂಢಿಯಿಂದಲೋ? ಪ್ರಾಮಾಣಿಕವಾಗಿ ಹೇಳುವುದಾದರೆ, ಬೆರಳು ತಾನಾಗಿ ಹೋಗಿತ್ತು.

ಇಷ್ಟು ಯೋಚಿಸುತ್ತ ನಿಂತಿರುವಾಗ ಹುಡುಗರ ಜಗಳ ನನ್ನ ಬಳಿಗೇ ಬಂತು. "ತಾತ, ನೀವು ಗೆರೆ ಹತ್ತಿರ ನಿಂತ್ಕೊಳ್ಳಿ. ನೀವು ಹೇಳಿದ್ದೇ ಆಗಲಿ."

"ಎರಡು ಕಡೆಯವರೂ ಒಪ್ತೀರೇನ್ರೋ?"

ಒಪ್ಪಿದರು. ಒಂದು ಕಡೆ ನನ್ನ ಮೊಮ್ಮಗನಿದ್ದದ್ದು ಅವರಿಗೆಲ್ಲ ಗೊತ್ತಿತ್ತು. ಕಡ್ಡಿ ತೆಗೆದುಕೊಂಡು ಅಳಿಸಿದ ಗೆರೆಯನ್ನು ಮತ್ತೆ ಎಳೆಸಿದೆ. ಕನ್ನಡಕ ಒರೆಸಿಕೊಂಡು ನಿಂತೆ. ಮೊದಲ ದಾಳಿಗೆ ಹೊರಟವನು ಅವನೇ.