ಕಿವಿಯ ರಚನೆಯೂ ಕಿವಿ ಮಂದವಾದವರೂ



ಕಿವುಡರನ್ನು ದೂಷಿಸಬಾರದೆಂದೂ ಕುರುಡರ ದಾರಿಯಲ್ಲಿ ಎಡವುವಂಥದ್ದನ್ನು ಇಡಬಾರದೆಂದೂ ಲೇವಿಯಕಾಂಡದ 19ನೆಯ ಅಧ್ಯಾಯದಲ್ಲಿ ಆಜ್ಞೆಯುಂಟೆಂಬದನ್ನು ನೀವು ಬಲ್ಲಿರಿ. ಎರಡನೆಯದರ ಕಾರಣವು ಮಕ್ಕಳಿಗೂ ತಿಳಿಯುವದು. ಎಡವಿದವನು ಬಿದ್ದು ಗಾಯಪಡುವನು. ಆದರೆ ಕಿವುಡನಿಗೆ ಬೈಗಳು ಕೇಳಿಸುವದೇ ಇಲ್ಲವಲ್ಲಾ, ಅದರಿಂದ ಅವನಿಗೇನು ನಷ್ಟವೆಂದು ಒಬ್ಬನು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಹೇಳುವದಕ್ಕೆ ಮುಂಚೆ, ಕಿವಿಯೆಂಬ ಅವಯವವು ಹೇಗೆ ಕಟ್ಟಲ್ಪಟ್ಟಿದೆ, ಹೇಗೆ ಕೆಡುತ್ತದೆ ಎಂಬದನ್ನು ಸ್ವಲ್ಪ ವಿಚಾರಿಸೋಣ.

ಹೊರಗೆ ಕಾಣುವ ಕಿವಿಯು ಬಾಗಿಲ ಮುಂದಣ ಚಪ್ಪರದಂತಿದೆ. ಅದು ಶಬ್ದವನ್ನು ಕೂಡಿಸಿ, ಸುಮಾರು ಒಂದು ಅಂಗುಲ ಉದ್ದವಾದ ಓಣಿಯೊಳಗೆ ಕಳುಹಿಸುತ್ತದೆ. ಓಣಿಯ ಕೊನೆಯಲ್ಲಿ ತಮಟೆಯ ಚರ್ಮದಂತೆ ಬಿಗಿದ ತೆಳುವಾದ ಪೊರೆಯುಂಟು. ಶಬ್ದವೆಂಬದು ಗಾಳಿಯ ಅಲೆ; ಅದು ತಗಲಿದಾಗ ಪೊರೆಯು ಅದುರುವದು. ಪೊರೆಯ ಹಿಂದೆ ಮೂರು ಎಲುಬುಗಳು ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ಹೊಂದಿಕೊಂಡಿವೆ. ಆಕಾರವನ್ನು ನೋಡಿ ಅವುಗಳಿಗೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಹೆಸರಿಟ್ಟಿದ್ದಾರೆ. ರಿಕಾಪು ನಮ್ಮ ದೇಹದ ಎಲುಬುಗಳಲ್ಲೆಲ್ಲಾ ಚಿಕ್ಕದು. ಅದರ ಎತ್ತರವು ಸುಮಾರು 3 ಮಿಲಿಮೀಟರ್, ಅಕ್ಕಿಯ ಕಾಳಿಗಿಂತಲೂ ಕಿರಿದು.

ಈ ಎಲುಬುಗಳು ಯಾತಕ್ಕೆ? ಒಳಗಿವಿಯಲ್ಲಿ ನೀರಿನಂಥ ರಸವು ತುಂಬಿದೆ. ಕೆರೆಯಲ್ಲಿ ಮುಳುಗು ಹಾಕಿದವನಿಗೆ ದಡದವರ ಕೂಗು ಚೆನ್ನಾಗಿ ಕೇಳಿಸದು; ಯಾಕಂದರೆ ಗಾಳಿಯ ಅಲೆಯು ನೀರಿಗೆ ತಗಲಿದಾಗ ಅದರ ಹೆಚ್ಚಿನ ಭಾಗವು ಹಿಂದಿರುಗಿ ಹೋಗುವದು. ಆದಕಾರಣ ಅಗಲವಾದ ಪೊರೆಯ ಮೇಲೆ ಬಿದ್ದ ಬಲವನ್ನು ಈ ಮೂರು ಎಲುಬುಗಳು, ಅದರ ಸುಮಾರು 17ರಲ್ಲಿ ಒಂದು ಪಾಲಿನಷ್ಟು ಚಿಕ್ಕದಾದ ಒಳಗಿಟಕಿಯ ಮೇಲೆ ಒತ್ತುತ್ತವೆ. ಮೊಳೆಯ ತಲೆಗೆ ಬಿದ್ದ ಪೆಟ್ಟು ಮೊನೆಯಲ್ಲಿ ಕೂಡಿ ಮರವನ್ನು ಹೊಗುವಂತೆ, ಬಡವಾದ ಶಬ್ದವೂ ಹೀಗೆ ಬಲಹೊಂದಿ ರಸವನ್ನು ಅಲುಗಿಸುತ್ತದೆ.

ಆ ಕಿಟಕಿಯ ಆಚೆ, ಬಹು ಗಟ್ಟಿಯಾದ ಎಲುಬಿನೊಳಗೆ, ಬಸವನಹುಳುವಿನ ಚಿಪ್ಪಿನ ಹಾಗೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ ನಾಳವುಂಟು. ಬಿಡಿಸಿದರೆ ಅದರ ಉದ್ದವು ಸುಮಾರು 35 ಮಿಲಿಮೀಟರ್. ಅದರಲ್ಲಿ ಸುಮಾರು 15,000 ರೋಮಕೋಶಗಳು ಸಾಲುಸಾಲಾಗಿ ನಿಂತಿವೆ. ರಸದಲ್ಲಿ ಅಲೆಯೆದ್ದಾಗ ಅವುಗಳ ಸೂಕ್ಷ್ಮ ರೋಮಗಳು ಗಾಳಿಗೆ ಭತ್ತದ ಪೈರು ಬಾಗುವಂತೆ ಬಾಗುತ್ತವೆ. ಆಗ ನರದ ಮೂಲಕವಾಗಿ ಮಿದುಳಿಗೆ ಸುದ್ದಿ ಹೋಗುವದು. ಕಿಟಕಿಯ ಸಮೀಪದಲ್ಲಿರುವವು ಕೀಚಲಾದ ಸ್ವರಕ್ಕೂ ಸುರುಳಿಯ ತುದಿಯಲ್ಲಿರುವವು ದಪ್ಪವಾದ ಸ್ವರಕ್ಕೂ ಎಚ್ಚರಗೊಳ್ಳುತ್ತವೆ. ಅಲೆಯು ಈ ನಾಳದಲ್ಲಿ ಹರಿಯುವ ಕ್ರಮವನ್ನು ಶೋಧಿಸಿ ತೋರಿಸಿದ ಬೆಕೆಶಿ ಎಂಬ ಹಂಗೇರಿಯ ವಿದ್ವಾಂಸನಿಗೆ 1961ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಈಗ ಒಂದು ದುಃಖದ ಸಂಗತಿಯನ್ನು ಕೇಳಿರಿ. ಕೋಳಿಯ ಕಿವಿಯಲ್ಲಿ ರೋಮಕೋಶಗಳು ಸತ್ತರೆ ಅವುಗಳ ಸ್ಥಳದಲ್ಲಿ ಹೊಸವು ಹುಟ್ಟುತ್ತವೆ. ಮನುಷ್ಯನಿಗೆ ಹಾಗಿಲ್ಲ, ಹುಟ್ಟುವಾಗ ತಂದವುಗಳೇ ಸಾಯುವ ತನಕ. ಗಿರಣಿಯ ಸದ್ದು, ಪಟಾಕಿ, ಹಬ್ಬದ ಧ್ವನಿವರ್ಧಕ ಇವುಗಳಿಂದ ಸತ್ತ ಕೋಶವು ತಿರಿಗಿ ಬಾರದು. ಮುಪ್ಪಿನಲ್ಲಿ ಸಾಮಾನ್ಯವಾಗಿ ಮೊದಲು ಕೆಡುವವು ಕಿಟಕಿಯ ಸಮೀಪದಲ್ಲಿರುವ, ಕೀಚಲು ಸ್ವರದ ಕೋಶಗಳೇ. ಆ, ಈ, ಊ ಮುಂತಾದ ಸ್ವರಾಕ್ಷರಗಳು ದಪ್ಪವಾಗಿಯೂ ಬಲವಾಗಿಯೂ ಇರುವದರಿಂದ ವೃದ್ಧರಿಗೆ ಕೇಳಿಸುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳು ಸಣ್ಣವಾಗಿಯೂ ಮೆಲ್ಲನೆಯವಾಗಿಯೂ ಇರುವದರಿಂದ ಮಾಯವಾಗುತ್ತವೆ. ಹಾಲು, ಕಾಲು, ಪಾಲು, ಸಾಲು ಎಲ್ಲವೂ ಅವರಿಗೆ ಒಂದೇ. ಶಬ್ದವು ಕೇಳಿಸುತ್ತದೆ, ಮಾತು ತಿಳಿಯುವದಿಲ್ಲ. ಕೂಗಿ ಹೇಳಿದರೆ ಮೊದಲೇ ಕೇಳಿಸುತ್ತಿದ್ದದ್ದು ಇನ್ನಷ್ಟು ದೊಡ್ಡದಾಗುವದಲ್ಲದೆ ಕೇಳಿಸದಿದ್ದದ್ದು ಸ್ಪಷ್ಟವಾಗುವದಿಲ್ಲ. ಕೆಟ್ಟ ಕಿವಿಗೆ ದೊಡ್ಡ ಸದ್ದು ನೋವನ್ನೂ ಉಂಟುಮಾಡುವದು.

ಇದನ್ನು ಬರೆಯುವವನು ಇದನ್ನು ಅರಿಯದೆ ತಪ್ಪುಮಾಡಿದವನೇ. ಹಲವು ವರ್ಷ ನಮ್ಮ ಮನೆಯನ್ನು ಬಾಧಿಸಿದ್ದ ಒಂದು ಸಾಲದ ಕೊನೆಯ ಕಂತನ್ನು ಕಟ್ಟಿ ಬಂದ ಸಾಯಂಕಾಲ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಅಮ್ಮಾ, ಸಾಲ ತೀರಿತು" ಅಂದೆನು. ತಾಯಿಯು ಒಳಗಿನಿಂದ, "ಹಾಲು ತೀರಿದರೆ ಏನು ಮಗಾ, ನಾಳೆ ತಂದರಾಯಿತು" ಅಂದಳು. ಮನೆಯವರೆಲ್ಲರೂ ನಕ್ಕೆವು. ನಾನು ಎರಡು ಸಾರಿ ಕೂಗಿದೆನು. ಬಳಿಕ ಬೇಸರಗೊಂಡು, ಹೋಗಲಿ ಎಂದು ಕೈಬೀಸಿದೆನು. ಆಕೆಯೂ ನಮ್ಮ ಮುಖಗಳನ್ನು ನೋಡಿ ನಕ್ಕಳು. ಅಂದಿನಿಂದ ಆಕೆ ಏನನ್ನೂ ಕೇಳುವದನ್ನು ಬಿಟ್ಟಳು. ಊಟವಾದ ಮೇಲೆ ಜಗಲಿಯ ಮೂಲೆಯಲ್ಲಿ ಒಬ್ಬಳೇ ಕೂತುಕೊಳ್ಳುವಳು.

ಮೊದಲನೆಯ ಪ್ರಶ್ನೆಗೆ ಉತ್ತರವು ಇಲ್ಲಿದೆ. ಕಿವುಡನಿಗೆ ಬೈಗಳು ಕೇಳಿಸದಿರಬಹುದು, ಆದರೆ ಮುಖವು ಕಾಣುತ್ತದೆ. ಬೀಸಿದ ಕೈಯೂ ಕಾಣುತ್ತದೆ. ಪ್ರತಿವಾದ ಮಾಡಲಾರದವನ ಪಕ್ಷವನ್ನು ದೇವರು ತಾನೇ ಹಿಡಿದಿದ್ದಾನೆ. ಆದದರಿಂದಲೇ ಆ ಆಜ್ಞೆಯು ದೇವರಿಗೆ ಭಯಪಡಬೇಕೆಂಬ ಎಚ್ಚರಿಕೆಯೊಡನೆ ಮುಗಿಯುತ್ತದೆ.

ನಮ್ಮ ಕರ್ತನು ಮಾಡಿದ್ದನ್ನು ನೋಡಿರಿ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ತೊದಲುವ ಕಿವುಡನೊಬ್ಬನನ್ನು ಆತನ ಬಳಿಗೆ ಕರತಂದರು. ಆತನು ಅವನನ್ನು ಜನರ ಗುಂಪಿನಿಂದ ಬೇರೆ ಕರಕೊಂಡು ಹೋದನು, ಅವನ ಕಿವಿಗಳಲ್ಲಿ ಬೆರಳಿಟ್ಟನು, ನಾಲಿಗೆಯನ್ನು ಮುಟ್ಟಿದನು, ಆಕಾಶದ ಕಡೆಗೆ ಕಣ್ಣೆತ್ತಿದನು. ಇವೆಲ್ಲವೂ ಕಣ್ಣಿಗೆ ಕಾಣುವಂಥವು, ಮೈಗೆ ತಿಳಿಯುವಂಥವು. ಕಿವಿಯು ತೆರೆಯುವದಕ್ಕೆ ಮೊದಲೇ ಆತನು ಆ ಮನುಷ್ಯನಿಗೆ ತಿಳಿಯುವ ಭಾಷೆಯಲ್ಲಿ ಅವನೊಡನೆ ಮಾತಾಡಿದನು. ಸ್ವಸ್ಥಮಾಡುವ ವರವು ನಮಗಿಲ್ಲದಿರಬಹುದು. ಗುಂಪಿನಿಂದ ಬೇರೆ ಕರೆದು ಎದುರಾಗಿ ಕೂತುಕೊಳ್ಳುವದು ಯಾರಿಗೆ ಅಸಾಧ್ಯ?

ಆದಕಾರಣ, ಪ್ರಿಯರೇ, ಕಿವಿ ಮಂದವಾದವರೊಡನೆ ಮಾತಾಡುವಾಗ ಮೊದಲು ಅವರ ತೋಳನ್ನು ಮೆಲ್ಲನೆ ಮುಟ್ಟಿರಿ. ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ಎದುರಿಗೆ ಕೂತುಕೊಳ್ಳಿರಿ. ಕೂಗದೆ, ನಿಧಾನವಾಗಿ, ಒಬ್ಬೊಬ್ಬರಾಗಿ ಮಾತಾಡಿರಿ. ಒಂದು ಮಾತು ತಿಳಿಯದಿದ್ದರೆ ಅದನ್ನೇ ತಿರಿಗಿ ತಿರಿಗಿ ಹೇಳದೆ ಬೇರೆ ಮಾತಿನಿಂದ ಹೇಳಿರಿ. ದೇವಾಲಯದಲ್ಲಿ ಬೋಧಕನ ತುಟಿಗಳು ಕಾಣುವ ಸ್ಥಳವನ್ನು ಅವರಿಗೆ ಬಿಟ್ಟುಕೊಡಿರಿ. ಮಕ್ಕಳ ಕಿವಿಗೆ ಕಾಯಿಸಿದ ಎಣ್ಣೆ, ಸೊಪ್ಪಿನ ರಸ ಮುಂತಾದವುಗಳನ್ನು ಹೊಯ್ಯಬೇಡಿರಿ. ಕಡ್ಡಿಯನ್ನೂ ಹಾಕಬೇಡಿರಿ, ಗುಗ್ಗೆಯು ಸಾಮಾನ್ಯವಾಗಿ ತಾನಾಗಿಯೇ ಹೊರಗೆ ಸರಿಯುವದು. ಮಗುವಿನ ಗಂಟಲಿನಿಂದ ನಡುಗಿವಿಗೆ ಹೋಗುವ ನಾಳವು ಗಿಡ್ಡವಾಗಿಯೂ ಮಟ್ಟಸವಾಗಿಯೂ ಇರುವದರಿಂದ ನೆಗಡಿಯು ಬೇಗನೆ ಕಿವಿಗೆ ಇಳಿಯುವದು. ಕಿವಿ ಸೋರುವದನ್ನು ಅಲ್ಪವೆಂದು ಎಣಿಸದೆ ವೈದ್ಯರಿಗೆ ತೋರಿಸಿರಿ. ಸದ್ದಿಗೆ ಬೆಚ್ಚದ ಕೂಸನ್ನು ತಡಮಾಡದೆ ಪರೀಕ್ಷೆ ಮಾಡಿಸಿರಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದಕ್ಕೋಸ್ಕರವೇ ಇದೆ.

ಕಿವಿಯ ಈ ಸಂಗತಿಗಳನ್ನು ನಾನು ಒಬ್ಬ ವೈದ್ಯರಿಂದ ಕೇಳಿ ತಿಳಿದ ದಿನ, ರಾತ್ರಿ ದೀಪದ ಹತ್ತರ ತಾಯಿಯ ಎದುರಿಗೆ ಕೂತು, ಆಕೆಯ ಕೈಹಿಡಿದು, "ಅಮ್ಮಾ, ನಾವು ಕೊಡಬೇಕಾದ ಹಣವನ್ನೆಲ್ಲಾ ಕೊಟ್ಟಾಯಿತು" ಎಂದು ನಿಧಾನವಾಗಿ ಹೇಳಿದೆನು. ಆಕೆ ನನ್ನ ಬಾಯನ್ನೇ ನೋಡುತ್ತಿದ್ದು, "ಯಾವಾಗ?" ಎಂದು ಕೇಳಿದಳು. ಎಂಟು ತಿಂಗಳಾಯಿತೆಂದು ಹೇಳಲು ನನ್ನ ನಾಲಿಗೆ ತೊಡರಿತು. ಆ ಎಂಟು ತಿಂಗಳೂ ಆಕೆ ಜಗಲಿಯ ಮೂಲೆಯಲ್ಲಿ ಕೂತು, ತೀರಿಹೋಗಿದ್ದ ಆ ಸಾಲಕ್ಕೋಸ್ಕರ ದೇವರಿಗೆ ಮೊರೆಯಿಡುತ್ತಿದ್ದಳು.

ಪ್ರಿಯರೇ, ನಿಮ್ಮ ಮನೆಯ ಜಗಲಿಯಲ್ಲಿಯೂ ಶುಭಸಮಾಚಾರವು ಮುಟ್ಟದೆ ಕೂತಿರುವವರು ಇರಬಹುದು. ಈ ಹೊತ್ತೇ ಹೋಗಿ ಅವರ ಎದುರಿಗೆ ಕೂತುಕೊಳ್ಳಿರಿ. ಆಮೆನ್.